ಮಂಜಿನ ದೇಶದ ಸಾಹೇಬ
ದೊಡ್ಡಉಳ್ಳಾರ್ತಿಯ ಕುರಿಗಾಹಿ ಮೂಡಲಗಿರಿಯಪ್ಪನಿಗೆ ದಿನಕ್ಕೊಮ್ಮೆಯಾದರೂ ತನ್ನ ನಾಯಿಯನ್ನು ಬೈಯದಿದ್ದರೆ ಉಂಡ ಮುದ್ದೆ ಅರಗುವುದಿಲ್ಲ. ಕುದಾಪುರದ ವಿಜ್ಞಾನ ಕೇಂದ್ರದಿಂದ ವರ್ಗವಾಗಿ ಹೋದ ವಿಜ್ಞಾನಿಯೊಬ್ಬರು ಬಿಟ್ಟುಹೋದ ಹಿಮದ ನಾಡು ಅಲಾಸ್ಕಾದ, ದಟ್ಟ ತುಪ್ಪಳದ ಮಾಲಮ್ಯೂಟ್ ಜಾತಿಯ ನಾಯಿ ಅದು. ಅದಕ್ಕೆ ಮೂಡಲಗಿರಿಯಪ್ಪ ಇಟ್ಟ ಹೆಸರು ಸಾಹೇಬ. ಕೂತು ತಿನ್ನುವವರನ್ನು ಮತ್ತೇನೆಂದು ಕರೆಯಬೇಕು ಎಂಬುದು ಅವನ ವಾದ. ಕರುವಿನಷ್ಟು ಎತ್ತರ, ತೋಳನ ಮುಖ, ಆದರೆ ಕಳ್ಳ ಬಂದರೂ ಬಾಲ ಅಲ್ಲಾಡಿಸಿ ಬರಮಾಡಿಕೊಳ್ಳುವ ಗುಣ. ಬೊಗಳುವುದು ಅಪರೂಪ, ಊಳಿಡುವುದೇ ಹೆಚ್ಚು. ಅದಕ್ಕೆ ಹುಲ್ಲುಗಾವಲಿನ ತೋಳ ಓಗೊಟ್ಟರೆ ಕುರಿಗಳೆಲ್ಲ ರೊಪ್ಪದ ಮೂಲೆ ಸೇರುತ್ತವೆ. ಹಗ್ಗ ಹಿಡಿದರೆ ಮೂಡಲಗಿರಿಯಪ್ಪನನ್ನೇ ದರದರ ಎಳೆದುಕೊಂಡು ಹೋಗುತ್ತದೆ. “ಇವರ ಹಿರೀಕರು ಮಂಜಿನ ಮ್ಯಾಲೆ ಹೇರು ಎಳೀತಿದ್ರಂತೆ, ಮನೆ ಮಕ್ಳನ್ನ ಮಗ್ಗುಲಲ್ಲಿ ಬೆಚ್ಚಗೆ ಮಲಗಿಸ್ಕೊಂತಿದ್ರಂತೆ. ಇವರು ನೋಡಿದ್ರೆ ಮುದ್ದೆ ತಿಂದು ಗುಂಡಿ ತೋಡ್ತಾರೆ,” ಎಂದು ಬಂದವರಿಗೆಲ್ಲ ದೂರುತ್ತಾನೆ. ವಿಜ್ಞಾನಿ ಫೋನ್ ಮಾಡಿ, ತಂಪು ಊರಿನವರೊಬ್ಬರು ಕೇಳುತ್ತಿದ್ದಾರೆ, ಕಳಿಸೋಣವೇ ಎಂದರೆ ಮಾತ್ರ, “ಬಿಸಿಲು ಇಳೀಲಿ ಸ್ವಾಮಿ, ನೋಡಾನ,” ಎನ್ನುತ್ತಾನೆ. ಹಾಗೆ ಎಷ್ಟೋ ಬೇಸಿಗೆ ಇಳಿದುಹೋಗಿವೆ. ಅವನ ಮದುವೆಯ ಹಸೆಗೆ ಹಾಸಿದ್ದ ಕರಿ ಕಂಬಳಿಯೊಂದಿದೆ. ಹಬ್ಬಕ್ಕೆ ಬಂದ ಅಳಿಯನೂ ಅದನ್ನು ತುಳಿಯುವಂತಿಲ್ಲ. ಮೊನ್ನೆ ಉರಿಬಿಸಿಲಿನ ಮಧ್ಯಾಹ್ನ ಅದು ಪೆಟ್ಟಿಗೆಯಲ್ಲಿ ಕಾಣದೆ ಹೆಂಡತಿ ಬೋರಕ್ಕ ಹುಡುಕುತ್ತ ಬೇವಿನ ಮರದಡಿಗೆ ಬಂದಳು. ನೀರಲ್ಲಿ ಅದ್ದಿ ಹಾಸಿದ ಆ ಕಂಬಳಿಯ ಮೇಲೆ ಸಾಹೇಬ ಹೊಟ್ಟೆ ಹಚ್ಚಿ ಮಲಗಿತ್ತು. ಇದ್ದಷ್ಟು ನೆರಳನ್ನು ಅದಕ್ಕೆ ಬಿಟ್ಟು ಬಿಸಿಲಲ್ಲಿ ಕೂತಿದ್ದ ಗಂಡ, ಅವಳು ಬಾಯಿ ತೆರೆಯುವ ಮೊದಲೇ, “ಸದ್ದು ಮಾಡಬ್ಯಾಡ್ವೇ, ಸಾಹೇಬ್ರಿಗೆ ಈಗ ನಿದ್ದೆ ಹತ್ತೈತೆ,” ಎಂದ.