ಗೊಬ್ಬೂರಿನ ಹಗೇವಿನೊಳಗೆ ಒಂದು ಇಂಗ್ಲಿಷ್ ಪದ

ಗೊಬ್ಬೂರಿನ ದೇವೀಂದ್ರಪ್ಪನನ್ನು ಮೊದಲ ಸಲ ಕಂಡಾಗ ಊರಗೌಡರು ಇವರೇ ಎಂದುಕೊಂಡು ಕೈಮುಗಿದಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಹಗೇವಿನ ಬಾಯಿಯ ಬಳಿ ನಿಂತು, "ಹಿಂದಕ ಸರೀರಿ, ಇನ್ನಾ ದೀಪ ಇಳಿಸಿಲ್ಲ" ಎಂದು ಎಲ್ಲರನ್ನೂ ಗದರಿಸುತ್ತಿದ್ದವನು ಅವನು. ತಲೆಗೆ ರೇಷ್ಮೆ ಪಟಗ ಸುತ್ತಿದ್ದ ನಿಜವಾದ ಗೌಡರು, ಜಗದೇವಪ್ಪನವರು, ಎರಡು ಹೆಜ್ಜೆ ಹಿಂದೆ ಸರಿದಿದ್ದರು.

ಹಗೇವೆಂದರೆ ಜೋಳ ತುಂಬಿಡುವ ನೆಲದಡಿಯ ಕಣಜ. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮುಚ್ಚಿಟ್ಟರೆ ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ಬೆಳಿಗ್ಗೆ ಬಾಯಿ ತೆರೆದು, ಬಿಸಿಲೇರುವವರೆಗೆ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ದೇವೀಂದ್ರಪ್ಪ ನಲವತ್ತು ವರ್ಷ ಮಾಡಿದ ಕೆಲಸ ಇದು. ಈಗ ಜೋಳ ಗೋದಾಮಿಗೆ ಹೋಗುತ್ತದೆ, ಅವನು ತೊಗರಿ ಹೊಲಕ್ಕೆ ಕೂಲಿ ಹೋಗುತ್ತಾನೆ. ಉಳಿದದ್ದು ಗೌಡರ ಹಗೇವು ಒಂದೇ.

ಅದನ್ನು ಉಳಿಸಿದ್ದಕ್ಕೆ ಗೌಡರಿಗೆ ಅಂದು ಸನ್ಮಾನ. ಭಾಷಣ ನನ್ನದು. ಫೋಟೋಕ್ಕೆಂದು ದೇವೀಂದ್ರಪ್ಪ ಇಳಿದು ಎರಡು ಬುಟ್ಟಿ ಜೋಳ ಮೇಲೆ ಕೊಟ್ಟ, ಮೂರನೆಯದಕ್ಕೆ ಒಳಮೂಲೆಗೆ ಹೋದ. ಅಷ್ಟರಲ್ಲಿ ವೇದಿಕೆಯ ಬ್ಯಾನರ್ ಕಳಚಿ, ಅದರಲ್ಲಿದ್ದ ಗೌಡರ ಮುಖ ಮಡಚಿಕೊಂಡಿತು. ಅದನ್ನು ಮತ್ತೆ ಕಟ್ಟಲೆಂದು ಯಾರೋ ಓಡಿಬಂದು ಹಗೇವಿನ ಏಣಿ ಎಳೆದುಕೊಂಡು ಹೋದರು. ಏಣಿಯಿಲ್ಲದ್ದು ಕಂಡು, ಆಳು ಮೇಲೆ ಬಂದನೆಂದೇ ತಿಳಿದ ಇನ್ನೊಬ್ಬರು, ಅತಿಥಿಗಳ ಕಾಲು ಜಾರೀತೆಂದು ಬಾಯಿಗೆ ಹಾಸುಗಲ್ಲು ಮುಚ್ಚಿದರು.

ನಾನು ಮೈಕಿನ ಮುಂದೆ ನಿಂತೆ. ಇಂಗ್ಲಿಷಿನಲ್ಲಿ ಊಬ್ಲಿಯೆಟ್ ಎಂಬ ಅಪರೂಪದ ಪದವಿದೆ ಎಂದೆ. ಯುರೋಪಿನ ಹಳೆಯ ಕೋಟೆಗಳಲ್ಲಿ, ಚಾವಣಿಯಲ್ಲಷ್ಟೇ ಬಾಗಿಲಿರುವ ಸೆರೆಗುಂಡಿ. ಕೈದಿಯನ್ನು ಇಳಿಸಿ, ಮುಚ್ಚಿ, ಮರೆತುಬಿಡುವುದು. 'ಮರೆತುಬಿಡು' ಎಂಬ ಅರ್ಥದ ಫ್ರೆಂಚ್ ಮಾತಿನಿಂದಲೇ ಹುಟ್ಟಿದ ಹೆಸರು. ಇಂಗ್ಲಿಷರು ಇನ್ನೂರು ವರ್ಷದಿಂದ ಕಾದಂಬರಿಗಳಲ್ಲಿ ಬಳಸುತ್ತಾರೆ. ಏನನ್ನಾದರೂ ತಳ್ಳಿ ಮರೆತ ಜಾಗಕ್ಕೂ ಅನ್ನುವುದುಂಟು. "ಅವರು ಮನುಷ್ಯರನ್ನು ಇಳಿಸಿ ಮರೆತರು, ನಾವು ಜೋಳ ಇಳಿಸಿ ನೆನಪಿಟ್ಟೆವು" ಎಂದಾಗ ಚಪ್ಪಾಳೆ ಬಿತ್ತು. ಬಿದ್ದದ್ದರಿಂದ ಇನ್ನಷ್ಟು ಮಾತಾಡಿದೆ.

ಕಲ್ಲಿನ ಕೆಳಗೆ ದೇವೀಂದ್ರಪ್ಪ ನಾಲ್ಕು ಸಲ ಒದರಿದ. ಮೇಲೆ ಲೌಡ್‌ಸ್ಪೀಕರ್ ಕೇಳಿಸಿದ ಮೇಲೆ ನಿಲ್ಲಿಸಿದ. ಒದರಿದರೆ ಉಸಿರು ಖರ್ಚು, ಅಲುಗಾಡಿದರೆ ಧೂಳು. ಧೋತರದ ಅಂಚು ಮೂಗಿಗೆ ಹಿಡಿದು ಗೋಡೆಗೆ ಒರಗಿ ಕೂತ. ಗಾಳಿ ಇನ್ನೆಷ್ಟು ಉಳಿದಿದೆ ಎಂದು ಕಂದೀಲು ಹೇಳಬಹುದಿತ್ತು, ಆದರೆ ಅದು ಮೇಲಿತ್ತು. ತಲೆ ಭಾರವಾಗತೊಡಗಿತು. ಮುಟ್ಟಿ ನೋಡಿಕೊಂಡರೂ ಕೈ ತನ್ನದೋ ಅಲ್ಲವೋ ತಿಳಿಯುತ್ತಿರಲಿಲ್ಲವಂತೆ.

ಅವನ ಹೆಂಡತಿ ರುಕ್ಮಿಣಿಬಾಯಿ ವೇದಿಕೆಯ ಮುಂದೆ ಬಂದು ನಿಂತಳು. "ಗೌಡ್ರ, ನಮ್ಮವರು ಎಲ್ಲಿ ಹ್ವಾದ್ರು?"

"ಇಲ್ಲೇ ಎಲ್ಲೋ ಇದ್ದಾನ ಬೇ. ಭಾಷಣ ಮುಗೀಲಿ, ಕೂಡು."

"ಕಂದೀಲ ಹಗೇವಿನ ಹತ್ರನ ಅದ. ಕಂದೀಲ ಬಿಟ್ಟು ಅವರು ಎಲ್ಲೂ ಹೋಗಂಗಿಲ್ಲ."

ಅವಳು ಕೂಡಲಿಲ್ಲ. ಹೋಗಿ ಒಬ್ಬಳೇ ಹಾಸುಗಲ್ಲಿಗೆ ಭುಜ ಕೊಟ್ಟಳು. ಅದು ಕದಲಲಿಲ್ಲ. ಹಿಂದಿನ ಸಾಲಿನವರು ನಾಲ್ವರು ಎದ್ದು ಬಂದಾಗ ಕದಲಿತು. ನಾನಾಗ ಉಪಸಂಹಾರಕ್ಕೆ ಬಂದಿದ್ದೆ. ಜೀವವಿದ್ದ ದೇವೀಂದ್ರಪ್ಪನನ್ನು ಹಗ್ಗ ಕಟ್ಟಿ ಎತ್ತಿ ಬೇವಿನ ಕೆಳಗೆ ಮಲಗಿಸಿದರು.

ವಾರದ ಮೇಲೆ ಅವನ ಮನೆಗೆ ಹೋದೆ. ಈಗಲೂ ಬಾಗಿಲು ಹಾಕಿದರೆ ನಿದ್ದೆ ಬರುವುದಿಲ್ಲವೆಂದ, ಅಂಗಳದಲ್ಲೇ ಮಲಗುತ್ತಾನೆ. ಕ್ಷಮೆ ಕೇಳಬೇಕೆಂದೇ ಹೋದವನು, ಬಾಯಿ ತೆರೆದಾಗ ಬೇರೆಯದನ್ನೇ ಕೇಳಿದೆ: "ದೇವೀಂದ್ರಪ್ಪ, ಒಳಗ ನನ್ನ ಭಾಷಣ ಕೇಳಿಸ್ತೇನು? ಹ್ಯಾಂಗಿತ್ತು?"

"ಕೇಳಿಸ್ತರಿ. ಅದು ಲಗೂ ಮುಗದಿದ್ರ ನಾ ಲಗೂ ಹೊರಗ ಬರ್ತಿದ್ದೆ."