‘ಫಾಸ್ಟ್’ ಎಂದರೆ ಬೇಗ ಅಲ್ಲ

೨೦೧೦ರಲ್ಲಿ ನಾನು ಬಹ್ರೈನ್‌ನ ಒಂದು ಹಡಗು ದುರಸ್ತಿ ಯಾರ್ಡಿನಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ದಾವಣಗೆರೆಯವನಾದ ನನಗೆ ಸಮುದ್ರಕ್ಕಿಂತ ಫೈಲುಗಳೇ ಹತ್ತಿರ. ಫೆಬ್ರವರಿಯ ಬೂದಿ ಬುಧವಾರ, ಕ್ರೈಸ್ತರ ಲೆಂಟ್ ಉಪವಾಸದ ಮೊದಲ ದಿನ, ಡೆಕ್ಕಿನ ಅಂಚಿಗೆ ಕಟ್ಟಿದ್ದ ಪಂಪೊಂದು ಜಾರಿ ಕೆಳಗೆ ಬಿತ್ತು. ಕೆಳಗಿದ್ದ ಇಬ್ಬರು ಕೂದಲೆಳೆಯಲ್ಲಿ ಪಾರಾದರು.

ಕಟ್ಟಿದವರು ಉಡುಪಿ ಕಡೆಯ ಲಾರೆನ್ಸ್. ಭಾರದ ಸಾಮಾನು ಎತ್ತಿ ಕಟ್ಟುವ ರಿಗ್ಗರ್. ಹಣೆಯಲ್ಲಿ ಬೂದಿಯ ಶಿಲುಬೆ, ಹೊಟ್ಟೆ ಖಾಲಿ. ಉಪವಾಸದ ನಿಶ್ಶಕ್ತಿಯಿಂದಾದ ಅಜಾಗರೂಕತೆ ಎಂದು ಭಾನುವಾರದೊಳಗೆ ವರದಿ ಬರೆಯಲು ಮ್ಯಾನೇಜರ್ ಹೇಳಿದರು. ಹಾಗೆ ಬರೆದರೆ ಲಾರೆನ್ಸರ ವೀಸಾ ರದ್ದು.

ಅವರನ್ನು ಕರೆದು ಕೇಳಿದೆ.

“ಹಸಿವೆಗೆ ಕೈ ನಡುಗಿದ್ದಲ್ಲ ಸರ್. ಫೋರ್‌ಮನ್ ‘ಮೇಕ್ ಇಟ್ ಫಾಸ್ಟ್’ ಅಂದ್ರು. ಬೇಗ ಆಗ್ಲಿ ಅಂತ ಹಗ್ಗ ಒಂದೇ ಸುತ್ತು ಹಾಕಿದ್ದು.”

ಫೋರ್‌ಮನ್ ಇಂಗ್ಲೆಂಡಿನವರು. ಹಡಗಿನವರ ಮಾತಿನಲ್ಲಿ ಅದರ ಅರ್ಥ ‘ಬಿಗಿಯಾಗಿ ಕಟ್ಟು’.

ಶುಕ್ರವಾರ ರಜೆ. ಮಾಹೂಝ್ ಬಡಾವಣೆಯ ನನ್ನ ಫ್ಲಾಟಿನಲ್ಲಿ ಕೂತಲ್ಲಿ ಕೂರಲಾರದೆ ನಿಘಂಟು ತೆರೆದೆ. ಹಳೆಯ ಇಂಗ್ಲಿಷಿನಲ್ಲಿ ‘ಫಾಸ್ಟ್’ ಎಂದರೆ ಗಟ್ಟಿ, ಭದ್ರ. ‘ಫಾಸ್ಟ್’ ಎಂಬ ಉಪವಾಸವೂ ಮನಸ್ಸನ್ನು ಬಿಗಿಹಿಡಿಯುವುದೇ. ನಾವು ವ್ರತ ಹಿಡಿಯುವುದಿಲ್ಲವೇ? ‘ಲೆಂಟ್’ ಎಂದರೆ ಮೂಲದಲ್ಲಿ ಹಗಲು ಉದ್ದವಾಗುವ ವಸಂತ. ನನ್ನ ಆ ಹಗಲಂತೂ ಮುಗಿಯಲೇ ಇಲ್ಲ. ಏಕೆಂದರೆ ಕೆಲಸಗಾರರಿಗಾಗಿ ಯಾರ್ಡಿನ ಇಂಗ್ಲಿಷ್ ಪದಗಳಿಗೆ ಹಿಂದಿ ಅರ್ಥದ ಪಟ್ಟಿ ಮಾಡಿದವನು ನಾನೇ. ‘ಫಾಸ್ಟ್’ ಯಾರಿಗೆ ಗೊತ್ತಿಲ್ಲ ಎಂದು ಅದನ್ನು ಬಿಟ್ಟಿದ್ದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ಕೋಣೆಯಲ್ಲಿ ಸುತ್ತಾಡಿದೆ. ಭಯವಾಗಿತ್ತು, ನನ್ನ ವೀಸಾವೂ ಅದೇ ಮ್ಯಾನೇಜರ್ ಕೈಯಲ್ಲಿತ್ತು.

ಬೂದಿ ಬುಧವಾರದ ಹಿಂದಿನ ಮಂಗಳವಾರ, ಉಪವಾಸಕ್ಕೆ ಮೊದಲು ತಪ್ಪೊಪ್ಪಿಕೊಳ್ಳುವ ದಿನ, ‘ಶ್ರೋವ್ ಟ್ಯೂಸ್ಡೇ’. ‘ಶ್ರೋವ್’ನ ಮೂಲವಾದ ‘ಶ್ರೈವ್’ ಎಂದರೆ ತಪ್ಪೊಪ್ಪಿಗೆ ಕೇಳಿ ಪ್ರಾಯಶ್ಚಿತ್ತ ವಿಧಿಸುವುದು. ಅದರ ಬೇರು ಲ್ಯಾಟಿನ್‌ನಲ್ಲಿದೆ, ಅರ್ಥ ‘ಬರೆಯುವುದು’. ನಿಘಂಟು ಮುಚ್ಚಿ ಬರೆಯಲು ಕೂತೆ.

ಪದಪಟ್ಟಿಯ ಲೋಪ ನನ್ನದು ಎಂದು ವರದಿಯ ಮೊದಲ ಸಾಲಿನಲ್ಲೇ ಬರೆದೆ. ನನಗೆ ವಾರ್ನಿಂಗ್ ಲೆಟರ್ ಬಂತು. ಲಾರೆನ್ಸ್ ಉಳಿದರು. ವಿಷಯ ತಿಳಿದು ನನ್ನ ಮೇಜಿನ ಬಳಿ ಬಂದು ನಿಂತರು. ಅವರ ಮನೆಮಾತು ಕೊಂಕಣಿಯಲ್ಲಿ ತಪ್ಪೊಪ್ಪಿಗೆಗೆ ಕುಮ್ಸಾರ್ ಎನ್ನುತ್ತಾರೆ.

“ನಿಮ್ಮ ಕುಮ್ಸಾರ್ ಸ್ವಲ್ಪ ತಡ ಆಯ್ತು ಸರ್. ಮಂಗಳವಾರವೇ ಮಾಡ್ಬೇಕಿತ್ತು.”

ಎಲ್ಲರಿಗೂ ಗೊತ್ತು ಎಂದುಕೊಂಡ ಪದವನ್ನೇ ಮೊದಲು ವಿವರಿಸಬೇಕು ಎಂದು ಕೆಲಸ ನನಗೆ ಕಲಿಸಿತು. ಪಟ್ಟಿಯ ಮೊದಲ ಸಾಲಿಗೆ ‘ಫಾಸ್ಟ್’ ಸೇರಿಸಿದೆ. ಅದರ ಮುಂದೆ ಅರ್ಥ ಬರೆದವರು ಲಾರೆನ್ಸ್.