ಹಾಲವ್ವ ಮುಟ್ಟಿದ ಎರಡು ಭಂಡಾರ

ಹಾಲವ್ವನ ಬಾಯಿಂದ ಮಾತೊಂದು ಹೊರಬಿತ್ತೆಂದರೆ ಮುಗಿಯಿತು, ಅದು ಆಗಲೇಬೇಕು. ನಮ್ಮ ಜತ್ತ ಪಟ್ಟಣದ ಒಂದು ಓಣಿಯಲ್ಲಿ ಮೂವತ್ತು ವರ್ಷದಿಂದ ಖಡಕ್ ರೊಟ್ಟಿ ಬಡಿದು ಮಾರುವ ಹೆಂಗಸು. ಒಮ್ಮೆ ಮದುವೆ ಮನೆಗೆ ಐನೂರು ರೊಟ್ಟಿ ಒಪ್ಪಿಕೊಂಡಿದ್ದಳು, ಅಂದೇ ಚಳಿಜ್ವರ ಬಂತು. ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಐನೂರ ಒಂದು ಬಡಿದು ಕೊಟ್ಟಳು. ಆ ಒಂದು ಯಾಕೆ ಎಂದವರಿಗೆ, “ಎಣಸೂದ್ರಾಗ ತಪ್ಪಿದ್ರ ನನ್ನ ಮಾತು ಹೋಗಬಾರದಲ್ಲ” ಅಂದಳು. ಇಂಥವಳನ್ನು ನಗರ ಪರಿಷತ್ತಿನ ಚುನಾವಣೆ ಸುಮ್ಮನೆ ಬಿಡುತ್ತದೆಯೇ?

ನಮ್ಮ ಕಡೆ ಉಮೇದವಾರರು ಬರೀ ಕೈಮುಗಿದರೆ ಯಾರೂ ನಂಬುವುದಿಲ್ಲ. ಬೀರದೇವರ ಭಂಡಾರವನ್ನು, ಅಂದರೆ ಗುಡಿಯ ಅರಿಶಿನಪುಡಿಯನ್ನು, ತಾಟಿನಲ್ಲಿ ಹಿಡಿದು ಮನೆಮನೆಗೆ ಬರುತ್ತಾರೆ. “ಮುಟ್ಟರಿ” ಅನ್ನುತ್ತಾರೆ. ಮುಟ್ಟಿ ಹಣೆಗೆ ಹಚ್ಚಿಕೊಂಡಿರೋ, ನಿಮ್ಮ ವೋಟು ಅವರದಾಯಿತು. ಆಮೇಲೆ ಬೇರೆಯವರಿಗೆ ಒತ್ತಿದರೆ ದೇವರೇ ನೋಡಿಕೊಳ್ಳುತ್ತಾನೆ.

ಮೊದಲು ಬಂದವಳು ಓಣಿಯ ತುದಿಯ ಕಿರಾಣಿ ಅಂಗಡಿಯ ಸುನಿತಾ. ಹಾಲವ್ವ ಮುಟ್ಟಿದಳು. ಹದಿನೈದು ದಿನ ಬಿಟ್ಟು ಬಂದವಳು ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ವಿದ್ಯಾವತಿ. ಪಕ್ಷದವರು ಟಿಕೆಟ್ ಕೊಡುತ್ತೇವೆ, ಕೊಡುವುದಿಲ್ಲ ಎಂದು ಕುಣಿಸಿ ಕುಣಿಸಿ, ಅರ್ಜಿ ಹಾಕುವ ಕಡೆಯ ದಿನ ಅವಳ ಕೈಗೆ ಕೊಟ್ಟಿದ್ದರು. ಹಾಲವ್ವ ಅವಳ ಭಂಡಾರವನ್ನೂ ಮುಟ್ಟಿದಳು. ಯಾಕೆ ಮುಟ್ಟಬಾರದು? ವಾರ್ಡಿಗೆ ಇಬ್ಬರು ಸದಸ್ಯರು, ಅದಕ್ಕಾಗಿ ಎಲ್ಲರಿಗೂ ಎರಡೆರಡು ವೋಟು ಎಂದು ಮೈಕಿನವರು ಕಿವಿ ತೂತಾಗುವಂತೆ ಕೂಗಿದ್ದರಲ್ಲ! ಒಂದು ಸುನಿತಾಗೆ, ಒಂದು ವಿದ್ಯಾವತಿಗೆ. ಅವಳ ಮಟ್ಟಿಗೆ ಎಲ್ಲ ಸರಿಯಾಗಿಯೇ ಇತ್ತು.

ಮತದಾನಕ್ಕೆ ಎರಡು ದಿನ ಇರುವಾಗ ಮಗ ರವಿಕುಮಾರ ಮಾದರಿ ಮತಪತ್ರ ತಂದು ಅವಳ ಮುಂದೆ ಹರವಿದ.

“ಅವ್ವಾ, ಇದು ‘ಅ’ ಜಾಗಾ. ಇಲ್ಲಿ ನಿಂತವ್ರೆಲ್ಲಾ ಗಂಡಸ್ರು. ಇದು ‘ಬ’ ಜಾಗಾ, ಹೆಣಮಕ್ಕಳಿಗೆ ಮೀಸಲು. ಸುನಿತಾ, ವಿದ್ಯಾವತಿ ಇಬ್ರೂ ಇಲ್ಲೇ ಅದಾರ. ಒಂದೊಂದು ಜಾಗಾಕ್ಕ ಒಂದ ಬಟನ್.”

“ಎರಡೂ ಒತ್ತಿದ್ರ?”

“ಮೊದಲ ಒತ್ತಿದ್ದಕ್ಕ ದೀಪಾ ಹತ್ತತೈತಿ. ಇನ್ನೊಂದು ಸುಮ್ನ ಕುಂದರತೈತಿ.”

ಹಾಲವ್ವನ ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಓಣಿಗೆಲ್ಲ ಹರಡಿತು. “ಒಳಗ ಯಾರ ನೋಡ್ತಾರ, ಒಬ್ರಿಗೆ ಒತ್ತಿ ಬಾ” ಅಂದ ಮಗನಿಗೆ ರೊಟ್ಟಿ ಒರೆಸುವ ಒದ್ದೆ ಬಟ್ಟೆ ಬೀಸಿ ಒಂದು ಕೊಟ್ಟಳು.

ಮರುದಿನ ಮಧ್ಯಾಹ್ನ ಎದುರುಮನೆಗೆ ಹೋದಳು. ವಿದ್ಯಾವತಿ ಒಬ್ಬಳೇ ಇದ್ದಳು.

“ವಿದ್ಯಾ, ನಿನಗಿಂತ ಮೊದಲ ನಾ ಸುನಿತಾನ ಭಂಡಾರ ಮುಟ್ಟೀನಿ ಯವ್ವಾ. ನಿನಗ ಕೊಟ್ಟ ಮಾತು ಬಿಟ್ಟೀನಿ ಅಂತ ಅಂದುಬಿಡು, ನನ್ನ ಜೀವಾ ತಣ್ಣಗಾಗತೈತಿ.”

ವಿದ್ಯಾವತಿ ಎದ್ದು ಬಾಗಿಲು ಮುಂದೆ ಮಾಡಿದಳು. ಈಗ ಬೈಗುಳ ಶುರುವಾಗುತ್ತದೆ ಎಂದು ಹಾಲವ್ವ ಸೆರಗು ಬಿಗಿ ಮಾಡಿಕೊಂಡಳು. ನೋಡಿದರೆ ಆ ಹುಡುಗಿಯ ಕಣ್ಣಲ್ಲೇ ನೀರು.

“ಬಿಡಾಕ ನಾ ಯಾರ್ರಿ ಅತ್ತಿ? ನಾನೂ ಮುಟ್ಟೀನಿ.”

“ಏನ ಮುಟ್ಟಿ?”

“ಸುನಿತಾನ ಭಂಡಾರ! ಆವಾಗ ನನಗೆಲ್ಲಿತ್ರಿ ಟಿಕೆಟ್? ಬಾಗಿಲಿಗೆ ಬಂದ್ಲು, ಮುಟ್ಟಿದೆ, ಹಣಿಗೂ ಹಚಗೊಂಡೆ. ಈಗ ನನ್ನ ವೋಟು ನನಗ ಹಾಕ್ಕೊಳ್ಳಾಕ ಬರದಂಗ ಆಗೇತಿ. ಮನ್ಯಾಗ ಯಾರಿಗೂ ಹೇಳಿಲ್ಲರಿ.”

ಹಾಲವ್ವನಿಗೆ ನಗು ಬಂತು ನೋಡಿ, ಪಕ್ಕೆ ಹಿಡಿದುಕೊಂಡು ಜಂಪರ್ ಬಟ್ಟೆಯ ರಾಶಿಯ ಮೇಲೇ ಕುಸಿದಳು. ಅಳುತ್ತಿದ್ದ ವಿದ್ಯಾವತಿಯೂ ನಕ್ಕಳು.

ನಕ್ಕು ಮುಗಿದ ಮೇಲೆ ಹಾಲವ್ವ ದಾರಿ ಹುಡುಕಿದಳು. “ನೀ ಸುನಿತಾಗ ಒತ್ತು. ನಿನ್ನ ಮಾತೂ ಉಳೀತು, ಅಕಿಗೆ ನಾ ಕೊಡಬೇಕಾದ ವೋಟೂ ಮುಟ್ಟಿತು. ಅದರ ಬದಲಿ ನಾ ನಿನಗ ಒತ್ತತೀನಿ. ಇಷ್ಟು ಬೀರದೇವಗ ತಿಳಿಯೂದಿಲ್ಲೇನು?”

ಅವರ ತಲೆಗೆ ಅದು ಸರಿಯೆನಿಸಿತು. ಇಬ್ಬರೂ ಹಾಗೆಯೇ ಒತ್ತಿ ಬಂದರು.

ಎಣಿಕೆಯ ದಿನ ವಿದ್ಯಾವತಿ ಸೋತಳು. ಒಂದೇ ಒಂದು ವೋಟಿನಿಂದ! ಸುನಿತಾನ ಅಂಗಡಿಯ ಮುಂದೆ ಗುಲಾಲು ಹಾರುತ್ತಿದ್ದರೆ, ಇತ್ತ ವಿದ್ಯಾವತಿಯ ಗಂಡ ನೀವೇ ಕೈಕೊಟ್ಟಿರಿ ಎಂದು ತನ್ನ ಅಣ್ಣನ ಮನೆಯವರ ಮೇಲೆ ಹರಿಹಾಯ್ದ. ಪಕ್ಷದವರು ಪುಣೆಯಿಂದ ಮತ ಹಾಕಲು ಬಾರದೇ ಉಳಿದ ಅವಳ ನೆಂಟನೊಬ್ಬನಿಗೆ ಶಾಪ ಹಾಕಿದರು. ವಿದ್ಯಾವತಿ ಒಳಗೆ ಹೋಗಿ ಅರ್ಧಕ್ಕೆ ನಿಂತ ಹೊಲಿಗೆ ಹಿಡಿದು ಕೂತಳು.

ಸಂಜೆ ಹಾಲವ್ವ ರೊಟ್ಟಿ ಕಟ್ಟಿಕೊಂಡು ಎದುರುಮನೆಗೆ ಹೋದಳು.

“ಖರೇನ ಸುನಿತಾಗ ಒತ್ತಿದ್ಯಾ?”

“ಒತ್ತಿದ್ನಿರಿ.”

“ಹುಚ್ಚಿ! ಒಳಗ ನಿನ್ನ ಯಾರ ನೋಡ್ತಿದ್ರು? ನಿನ್ನ ನಿಶಾಣಿ ಬಟನ್ ಒತ್ತಿ ಬರಬಾರದಾಗಿತ್ತಾ?” ಅಂದವಳು ಹಾಲವ್ವ! ಹೀಗೆ ಅಂದದ್ದಕ್ಕೆ ಮಗನಿಗೆ ಹೊಡೆದ ಅದೇ ಹಾಲವ್ವ!

“ಬೆರಳು ನನ್ನ ನಿಶಾಣಿ ಹತ್ರಾನ ಹೋಗಿತ್ರಿ ಅತ್ತಿ. ದೇವ್ರಿಗೆ ಏನರ ಹೇಳಿ ಸಮಾಧಾನ ಮಾಡಬಹುದಿತ್ತು. ನಾಳಿ ನಿಮ್ಮ ಮಾರಿ ಹೆಂಗ ನೋಡ್ಲಿ ಅನಿಸ್ತು.”

ಹಾಲವ್ವ ಹುಡುಗಿಯನ್ನು ಎದೆಗೆ ಅವಚಿಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

“ಮುಂದಿನ ಸಲ ಟಿಕೆಟ್ ಬರಲಿ ಬಿಡಲಿ, ಸುನಿತಾ ಏಳೂದ್ರಾಗ ನೀ ಭಂಡಾರ ತಗೊಂಡು ನಮ್ಮ ಮನಿಗಿ ಬಾ. ಬರೂಕಿಂತ ಮೊದಲ ನಿನ್ನ ಭಂಡಾರ ನೀನ ಮುಟ್ಟಿ ಬಾ.”